ಎಡಗಲ್ಲದ ಬೆಳಕು

ಬೈಲಹೊಂಗಲದ ಬಜಾರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಂದೀಪನಿಗೆ ಕ್ಯಾಮೆರಾದ ನೆತ್ತಿಯ ಮೇಲೆ ಕೂತ ಫ್ಲ್ಯಾಶ್ ಎಂದರೆ ಆಗುತ್ತಿರಲಿಲ್ಲ. ಅದು ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳಕು ಬಳಿಯುತ್ತದೆ, ಅದಕ್ಕೆ ಮದುಮಗಳೂ ಒಂದೇ, ಅವಳ ಹಿಂದಿನ ಗೋಡೆಯೂ ಒಂದೇ ಎಂದು ಬೈಯುತ್ತಿದ್ದ. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ಪಕ್ಕದಲ್ಲಿ ನಿಲ್ಲಿಸಬೇಕು, ಬೆಳಕು ಓರೆಯಾಗಿ ಬರಬೇಕು, ಆಗಲೇ ಮುಖಕ್ಕೆ ಕಳೆ. ಆದರೆ ದೊಡ್ಡ ಊರಿನವರು ಇಟ್ಟುಕೊಳ್ಳುವ ಸಾಮಾನು ಇವನ ಕೈಗೆ ಎಟುಕುವಂಥದ್ದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಈ ಮಹಾಶಯ ಹಾಸಿಗೆಗೇ ತೇಪೆ ಹಚ್ಚಿ ಉದ್ದ ಮಾಡಲು ಹೊರಟ.

ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟ ಫ್ಲ್ಯಾಶ್ ತಂದ. ಕ್ಯಾಮೆರಾದ ಬಟನ್ ಒತ್ತಿದರೆ ದೂರದ ಫ್ಲ್ಯಾಶಿಗೆ ತಂತಿಯಿಲ್ಲದೆ ಸುದ್ದಿ ಮುಟ್ಟಿಸುವ ಟ್ರಿಗರನ್ನು ಆನ್‌ಲೈನ್‌ನಲ್ಲಿ ತರಿಸಿದ. ಸ್ಟ್ಯಾಂಡಿಗೆ ಭಜನಾ ಮಂಡಳಿಯವರ ಹಳೇ ಮೈಕಿನ ಕಂಬ ಸಿಕ್ಕಿತು. ಅದು ಉರುಳದಂತೆ ಬುಡಕ್ಕೆ ಜೋಳದ ಚೀಲ ಕಟ್ಟಿದ. ಬೆಳಕು ಮೆತ್ತಗಾಗಲು ಬಿಳೀ ಛತ್ರಿ ಬೇಕಲ್ಲ, ಅದಕ್ಕೆ ಮನೆಯ ಛತ್ರಿಯ ಕರೀ ಬಟ್ಟೆ ಕಿತ್ತುಹಾಕಿ, ಬರೀ ಕಡ್ಡಿಗಳನ್ನು ಹಿಡಿದುಕೊಂಡು ಅಕ್ಕನ ಊರು ದೇಗಾಂವಕ್ಕೆ ಬಸ್ಸು ಹತ್ತಿದ. ಅಕ್ಕ ಶಟ್ಟೆವ್ವನ ಮಗಳು ಶೀತಲ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪನ ಹಳೇ ಧೋತರ ಕತ್ತರಿಸಿ, ಒಂದೂ ಸುಕ್ಕಿಲ್ಲದ ಹಾಗೆ ಕಡ್ಡಿಗಳಿಗೆ ಕೂಡಿಸಿ ಕೊಟ್ಟಳು.

"ಮಾಮಾ, ಈ ಛತ್ರಿಲೆ ನಂದೊಂದು ಫೋಟೋ ತಗೀಬೇಕ ನೋಡು," ಎಂದಳು.

ಆ ಫೋಟೋಕ್ಕಾಗಿಯೇ ಇಷ್ಟೆಲ್ಲ ಸಾಹಸ ಎಂಬುದನ್ನು ಸಂದೀಪ ಅವಳಿಗೆ ಹೇಳಿರಲಿಲ್ಲ.

ಇವರ ಮನೆತನದಲ್ಲಿ ಅಕ್ಕನ ಮಗಳು ಎಂದರೆ ಸೋದರಮಾವನಿಗೇ ಎಂದು ಲೆಕ್ಕ. ಶೀತಲ ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತು ಮುಗಿಸಿದ್ದರು. ಮುಂದೆ ಗಾಣದ ಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಸಿಡಿದು ಅವಳ ಎಡಗಲ್ಲದ ತುಂಬ ಕಲೆಯಾಯಿತು. ಮಾತು ಮಾತ್ರ ಹಾಗೇ ಉಳಿಯಿತು. ಅದನ್ನು ಮುರಿದವನು ಸಂದೀಪ. ಹೋದ ವರ್ಷ ಅಕ್ಕ ಕೇಳಿದಾಗ, "ರಕ್ತಸಂಬಂಧದಾಗ ಲಗ್ನ ಬ್ಯಾಡ ಅಂತ ಡಾಕ್ಟರ್ ಹೇಳತಾರಕ್ಕಾ. ಮುಂದ ಮಕ್ಕಳಿಗೆ ತ್ರಾಸ ಆಕ್ಕೈತಿ," ಎಂದ. ಡಾಕ್ಟರು ಹೇಳುವುದು ಖರೆಯೇ. ಆದರೆ ಇವನು ಒಲ್ಲೆ ಎಂದದ್ದು ಅದಕ್ಕಲ್ಲ ಎಂಬುದು ಇವನೊಬ್ಬನಿಗೇ ಗೊತ್ತಿತ್ತು. ಅಂದಿನಿಂದ ಅಕ್ಕನ ಮನೆಯಲ್ಲಿ ಊಟಕ್ಕೆ ಕೂರುವುದನ್ನೇ ತಪ್ಪಿಸುತ್ತಿದ್ದ. ಶೀತಲಳಿಗೊಂದು ಒಳ್ಳೆಯ ಮನೆ ಸಿಕ್ಕಿಬಿಟ್ಟರೆ ತನ್ನ ಪಾಪ ಹರಿಯುತ್ತದೆ ಎಂದುಕೊಂಡಿದ್ದ. ಪಾಪ ತೊಳೆಯಲು ಜನ ಹೊಳೆಗೆ ಹೋಗುತ್ತಾರೆ. ಈತ ಫ್ಲ್ಯಾಶ್ ಕೊಂಡ.

ಪಡಸಾಲೆಯಲ್ಲಿ ಕಂಬ ನಿಲ್ಲಿಸಿ, ಪರೀಕ್ಷೆಗೆಂದು ಮೊದಲು ಅಕ್ಕನನ್ನೇ ಕೂರಿಸಿದ. ಎಡಕ್ಕೆ ಬಿಳೀ ಥರ್ಮಾಕೋಲ್ ಹಾಳೆಯನ್ನು ಶೀತಲಳ ಕೈಯಲ್ಲಿ ಕೊಟ್ಟು ಸ್ವಲ್ಪ ಜಂಬದಿಂದಲೇ ಪಾಠ ಹೇಳಿದ. "ಬೆಳಕು ಬಲಕ್ಕ ಐತಿ, ಹೌದಿಲ್ಲೋ? ಎಡಗಲ್ಲ ಕತ್ತಲಾಗಬಾರದು. ಬೆಳಕು ಇದಕ್ಕ ಬಡದು ತಿರುಗಿ ಆ ಗಲ್ಲಕ್ಕ ಬರತೈತಿ."

ಫೋಟೋ ನೋಡಿದ ಶಟ್ಟೆವ್ವ, "ಅಯ್ಯ, ನಾ ಇಷ್ಟ ಛಂದ ಅದೇನಿ?" ಎಂದು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು.

ಆಮೇಲೆ ಮಗಳು ಕೂತಳು. ಶಟ್ಟೆವ್ವ ಥರ್ಮಾಕೋಲ್ ಎತ್ತಿಕೊಂಡು, "ನಾ ಹಿಡೀಲೇನೋ ತಮ್ಮಾ?" ಎಂದಳು.

"ಬ್ಯಾಡ ಬಿಡಕ್ಕಾ. ಇಕಿಗೆ ಬ್ಯಾಡ."

ಶೀತಲ ಅವನನ್ನೊಮ್ಮೆ ನೋಡಿದಳು. ಫೋಟೋ ಮಾತ್ರ ಅಪ್ಪಟ ಚಿನ್ನದಂತೆ ಬಂತು. ಬಲಗಡೆ ಬೆಳದಿಂಗಳಂಥ ಮುಖ, ಎಡಗಡೆ ತಣ್ಣನೆಯ ನೆರಳು. ಕಲೆಯನ್ನು ಹುಡುಕಿದರೂ ಸಿಗುವಂತಿರಲಿಲ್ಲ.

ಸಂಬಂಧ ಕೂಡಿಸುವುದರಲ್ಲಿ ಹೆಸರಾದ ಮಡಿವಾಳೆಪ್ಪ ಕಾಕಾ ಅದನ್ನು ರಾಮದುರ್ಗದ ಒಂದು ಮನೆತನಕ್ಕೆ ಕಳಿಸಿದರು. ಕನ್ಯಾ ನೋಡಲು ಬರುತ್ತೇವೆ ಎಂದು ಆ ಕಡೆಯಿಂದ ಲಗೂನೇ ಫೋನ್ ಬಂತು. ಸಂದೀಪ ಕಾಕಾನ ಹತ್ತಿರ ಓಡಿದ.

"ಕಾಕಾ, ಗಲ್ಲದ ಕಲಿ ಮಾತು ಅವರಿಗೆ ಹೇಳೀರಿಲ್ಲರಿ?"

"ಸಾವಿರ ಸುಳ್ಳು ಹೇಳಿ ಒಂದು ಲಗ್ನಾ ಮಾಡು ಅಂದಾರ ಹಿರೇರು. ನಾ ಒಂದರ ಸುಳ್ಳು ಹೇಳೇನೇನು? ನೀ ತಗದ ಫೋಟೋ ಕಳಿಸೇನಿ, ಅಷ್ಟ."

ಆಗಲೂ ಹೊತ್ತು ಮೀರಿರಲಿಲ್ಲ. ರಾಮದುರ್ಗಕ್ಕೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಸಂದೀಪ ಮಾಡಲಿಲ್ಲ. ಎದುರಿಗೆ ಕೂತು ಅವಳ ಮಾತು ಕೇಳಿದರೆ ಕಲೆಯನ್ನು ಯಾರು ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ರಾಮದುರ್ಗದವರು ಬಂದರು. ಶೀತಲ ಉಪ್ಪಿಟ್ಟಿನ ತಟ್ಟೆ ಕೊಟ್ಟು ಚಾಪೆಯ ಮೇಲೆ ಕೂತಳು. ಹುಡುಗನ ತಾಯಿ ಅವಳ ಮುಖ ನೋಡಿದರು, ಮೊಬೈಲ್ ತೆಗೆದು ಫೋಟೋ ನೋಡಿದರು, ಮತ್ತೆ ಮುಖ ನೋಡಿದರು.

"ಈ ಫೋಟೋದಾಗಿನ ಹುಡುಗಿ ಇಕೀನ ಏನ್ರಿ?"

ಶಟ್ಟೆವ್ವ ತಮ್ಮನ ಕಡೆ ತಿರುಗಿ ನೋಡಿದಳು. ಆ ತಾಯಿ ದನಿ ಏರಿಸಲಿಲ್ಲ. "ಕಲಿ ಇದ್ರ ಇರಲ್ರಿ, ಯಾರ ಮೈಮ್ಯಾಲ ಇರೂದಿಲ್ಲ? ಮುಚ್ಚಿ ತೋರಿಸಿದ್ರಲ್ಲ, ಅದು ನಮಗ ಸೇರಲಿಲ್ಲ. ಈ ಫೋಟೋ ಯಾರು ತಗದಾರೋ, ಭಾಳ ಶಾಣ್ಯಾ ಅದಾರ ಬಿಡ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲ ಹತ್ತಿರ ನಿಂತಿದ್ದ ಸಂದೀಪ ಬೆವರು ಒರೆಸಿಕೊಳ್ಳುತ್ತ ತಲೆ ತಗ್ಗಿಸಿದ. ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದು ಅವರು ಎದ್ದರು. ಹಾಗೆಂದು ಎದ್ದವರು ಫೋನ್ ಮಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ತಟ್ಟೆಯ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಶಟ್ಟೆವ್ವ ಅಡುಗೆಮನೆ ಸೇರಿ, "ನಾವು ಮೋಸ ಮಾಡೋ ಮಂದಿ ಆದಿವಲ್ಲೋ ಶಿವನೇ," ಎಂದು ಅಳತೊಡಗಿದಳು. ಆ ಅಳು ಸಂದೀಪನನ್ನು ನಿಂತಲ್ಲಿ ನಿಲ್ಲಲು ಬಿಡಲಿಲ್ಲ.

ಶೀತಲ ಚಾಪೆ ಸುತ್ತುತ್ತಿದ್ದಳು. ಅವಳ ಹತ್ತಿರ ಹೋಗಿ, "ನಂದ ತಪ್ಪಾತು ಶೀತೂ," ಎಂದ. "ನಿನಗ ಛಲೋ ಆಗಲಿ ಅಂತ ಮಾಡಿದೆ."

"ಅವರು ಹೋದದ್ದು ನನಗೇನೂ ಅನಸಿಲ್ಲ ಮಾಮಾ. ಅವರು ನನ್ನ ಇವತ್ತ ನೋಡ್ಯಾರ." ಅವಳು ಚಾಪೆಯನ್ನು ಗೋಡೆಗೆ ಆನಿಸಿದಳು. "ನಾ ಹುಟ್ಟಿದಾಗಿಂದ ನೀ ನೋಡೀದಿ. ಹೋದ ವರ್ಷ ನೀ ಒಲ್ಲೆ ಅಂದಾಗ ಡಾಕ್ಟರ್ ಮಾತು ನಾ ನಂಬಿದ್ದೆ. ಓದಿದಾಂವ, ತಿಳದು ಹೇಳ್ಯಾನ ಅಂತ ಅವ್ವಗೂ ನಾನ ಸಮಾಧಾನ ಹೇಳಿದ್ದೆ. ಆ ದಿನ ಫೋಟೋ ತಗಿಯುವಾಗ ಇಕಿಗೆ ಬ್ಯಾಡ ಅಂದೆಲ್ಲ, ಆವಾಗಿಂದ ಒಂದ ಕೇಳಬೇಕಂತ ಅದೇನಿ. ಖರೇ ಹೇಳು. ಡಾಕ್ಟರ್ ಹೇಳ್ಯಾರಂತ ನನ್ನ ಬ್ಯಾಡ ಅಂದ್ಯೋ, ಇದಕ್ಕ ಬ್ಯಾಡ ಅಂದ್ಯೋ?"

ಎಡಗಲ್ಲದ ಮೇಲೆ ಬೆರಳಿಟ್ಟು ನಿಂತಳು.

ಡಾಕ್ಟರ್ ಎಂಬ ಒಂದೇ ಮಾತು ಸಾಕಿತ್ತು. ಹೋದ ವರ್ಷ ಬಳಗಕ್ಕೆಲ್ಲ ನಿರಾಯಾಸವಾಗಿ ಹೇಳಿಕೊಂಡು ತಿರುಗಿದ ಮಾತು ಅದು. ಶೀತಲಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಆ ಒಂದು ಮಾತನ್ನು ಇವನು ಇನ್ನೊಮ್ಮೆ ಹೇಳಲಿ, ತಾನು ಇನ್ನೊಮ್ಮೆ ನಂಬುತ್ತೇನೆ ಎಂಬ ಆಸೆ ಅಲ್ಲಿತ್ತು. ಅದನ್ನು ನೋಡಿದ ಮೇಲೆ ಸಂದೀಪನಿಗೆ ಸುಳ್ಳು ಹೇಳುವುದಾಗಲಿಲ್ಲ, ಖರೆ ಹೇಳುವ ಎದೆಯೂ ಇರಲಿಲ್ಲ.

ಅವಳು ಗಲ್ಲದಿಂದ ಬೆರಳು ತೆಗೆದಳು.

"ಇರಲಿ ಬಿಡು ಮಾಮಾ," ಎಂದು, ಅವ್ವನನ್ನು ಸಮಾಧಾನ ಮಾಡಲು ಒಳಗೆ ಹೋದಳು.