ನೀರು ಬಿದ್ದ ಲಕೋಟೆಗಳು

ವೀಕ್ಷಣಾಲಯದಿಂದ ಎರವಲು ಬಂದ ಎರಡು ಗಾಜಿನ ಫಲಕಗಳನ್ನು ಅಯ್ಯಣ್ಣ ರಾಯಚೂರು ಸ್ಟೇಷನ್ನಿನಿಂದ ಎದೆಗವಚಿ ತಂದಿದ್ದ. ಎರಡರಲ್ಲೂ ಒಂದೇ ನೀಹಾರಿಕೆಯ ಚಿತ್ರ. ನಡುವೆ ಇಪ್ಪತ್ತು ವರ್ಷದ ಅಂತರ. ಎಳೆಯ ನಕ್ಷತ್ರವೊಂದು ಉಗುಳಿದ ಅನಿಲದ ಗಂಟುಗಳು ಅಷ್ಟರಲ್ಲಿ ಎಷ್ಟು ಸರಿದಿವೆ, ಯಾವ ಕಡೆಗೆ ಎಂದು ಅಳೆಯಬೇಕಿತ್ತು.

ಅದು ಎಪ್ಪತ್ತಾರನೆಯ ಇಸವಿ. ಕಾಲೇಜಿನ ಭೌತಶಾಸ್ತ್ರದ ಮುಖ್ಯಸ್ಥ ಶಂಭುಲಿಂಗಪ್ಪ ಮಾನ್ವಿಯ ರೈಸ್ ಮಿಲ್ ಮನೆತನದವರು. ಕುರ್ಡಿಯ ಹೊಲಗೇರಿಯಿಂದ ಬಂದ ಹೊಸ ಲೆಕ್ಚರರ್ ಅಯ್ಯಣ್ಣನ ಕೈಯಿಂದ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಫಲಕಗಳಿದ್ದ ಲಕೋಟೆಗಳನ್ನು ಮೇಜಿನ ಮೇಲೆ ಇಡಿಸಿ, ನೀರು ಚಿಮುಕಿಸಿ, ಆಮೇಲೆ ಮುಟ್ಟಿದರು. ಲಕೋಟೆಗಳ ಮೇಲಿನ ತಾರೀಖಿನ ಶಾಯಿ ಹರಡಿಹೋಯಿತು. ಕೈಗೆ ಮೊದಲು ಸಿಕ್ಕಿದ್ದೇ ಹಳೆಯ ಫಲಕ ಎಂದುಕೊಂಡು ವಾರವಿಡೀ ಅಳೆದರು. ಅನಿಲ ನಕ್ಷತ್ರದ ಒಳಕ್ಕೆ ಬೀಳುತ್ತಿದೆ ಎಂದು ವರದಿ ಬರೆದರು. ಕೆಳಗೆ ಇಬ್ಬರ ಹೆಸರೂ ಇತ್ತು. ಅಯ್ಯಣ್ಣನ ಹೆಸರು ಬರುವ ಮೊದಲ ವರದಿ ಅದು.

ಸಂಜೆಯ ರೈಲಿಗೆ ಫಲಕಗಳೂ ವರದಿಯೂ ವೀಕ್ಷಣಾಲಯಕ್ಕೆ ಹೋಗಬೇಕಿದ್ದ ದಿನ ಅವನು ಬಾಯಿಬಿಟ್ಟ.

"ಸರ್, ಫಲಕ ಅದಲುಬದಲಾಗ್ಯಾವ್ರಿ. ಮೂಲ್ಯಾಗಿನ ಈ ಚುಕ್ಕಿ ಉತ್ತರಕ್ಕ ಸರೀತದ ಅಂತ ಪುಸ್ತಕದಾಗ ಅದ. ನಿಮ್ಮ ಲೆಕ್ಕದಾಗ ದಕ್ಷಿಣಕ್ಕ ಹೊಂಟದ."

"ನನಗ ಕಲಸ್ತಿಯೇನಲೇ? ನಿಮ್ಮಪ್ಪ ನಮ್ಮ ಮಿಲ್ಲಿನಾಗ ಹೊಟ್ಟು ಹೊತ್ತಾಂವ."

"ಹೊಟ್ಟು ಹೊತ್ತಾಂವಗೂ ಒಳಗ ಹೊರಗ ತಿಳೀತಿತ್ರಿ. ನೀರು ಹೊಡದು ತಾರೀಖು ಅಳಿಸಿದವರು ನೀವು."

ಪ್ರಯೋಗಾಲಯದ ಸ್ಟ್ಯಾಂಡಿನ ಕಬ್ಬಿಣದ ಸರಳು ಶಂಭುಲಿಂಗಪ್ಪನವರ ಕೈಗೆ ಬಂತು. ಮೊದಲ ಏಟು ಹೆಗಲಿಗೆ. ಎರಡನೆಯದು ಮೇಜಿನ ಮೇಲಿದ್ದ ಬಲಗೈಗೆ; ಮೂರು ಬೆರಳು ಲಟಕ್ಕೆಂದವು. ಸರಳು ಫಲಕಗಳ ಕಡೆ ತಿರುಗಿದಾಗ ಅಯ್ಯಣ್ಣ ತಲೆಯಿಂದಲೇ ಅವರ ಮುಖಕ್ಕೆ ಗುದ್ದಿದ. ಮೂಗು ಒಡೆಯಿತು. ಎಡಗೈಯಲ್ಲಿ ಸರಳು ಕಿತ್ತುಕೊಂಡು ಮೊಣಕಾಲಿಗೆ ಬಾರಿಸಿದ. ಕುತ್ತಿಗೆ ಹಿಡಿದು ಎಳೆದು ಫಲಕ ಅಳೆಯುವ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ.

"ಪೀರಾ ಸಾಬ್, ಬಾಗಲಾ ಹಾಕ್ರಿ. ವಹಿ ತಗೋರಿ."

ಬಾಗಿಲ ಬಳಿ ನಿಂತಿದ್ದ ಹಳೆಯ ಅಟೆಂಡರ್ ಪೀರಾ ಸಾಬ್ ಚಿಲಕ ಹಾಕಿದ. "ನೌಕರಿ ಹೋಗ್ತದಪಾ."

"ನಂದು ಹೋಗ್ತದ. ನೀವು ಬರೀರಿ." ಫಲಕಗಳನ್ನು ಅದಲುಬದಲು ಮಾಡಿಟ್ಟು ಅಯ್ಯಣ್ಣ ಶಂಭುಲಿಂಗಪ್ಪನವರ ತಲೆಯನ್ನು ಸೂಕ್ಷ್ಮದರ್ಶಕಕ್ಕೆ ಅದುಮಿದ. "ನನ್ನ ಬೆರಳು ಮುರದೀರಿ. ಅಳತಿ ಸ್ಕ್ರೂ ನೀವ ತಿರುವ್ರಿ. ಮೊದಲು ಮೂಲ್ಯಾಗಿನ ಚುಕ್ಕಿ. ಯಾವ ಕಡಿಗ್ರಿ?"

ಮೂಗಿನ ರಕ್ತ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಉತ್ತರಕ್ಕ."

"ಗಂಟು?"

"...ಹೊರಗ."

"ಎಷ್ಟು?"

ಅವರು ಅಂಕಿ ಓದಿದರು. ಪೀರಾ ಸಾಬ್ ಬರೆದುಕೊಂಡ. ಐದನೆಯ ಗಂಟೂ ಹೊರಕ್ಕೇ ಓಡಿತ್ತು. ಆರನೆಯದಕ್ಕೆ ಸ್ಕ್ರೂ ತಿರುಗುವಷ್ಟರಲ್ಲಿ, ಗದ್ದಲ ಕೇಳಿ ಯಾರೋ ಕರೆಸಿದ್ದ ಪೊಲೀಸರು ಬಾಗಿಲು ಒಡೆದರು. ಲಾಠಿ ಏಟಿಗೆ ಅಯ್ಯಣ್ಣ ಮುಗ್ಗರಿಸಿದ. ಅವನನ್ನು ಮೆಟ್ಟಿಲ ಮೇಲೆ ಕಾಲು ಹಿಡಿದು ಎಳೆದೊಯ್ದರು.

ಪಾರ್ಸೆಲ್ ಕಟ್ಟುವುದು ಪೀರಾ ಸಾಬನ ಕೆಲಸ. ಸಂಜೆ ಅವನು ಇಬ್ಬರ ಹೆಸರಿದ್ದ ಮುಖ್ಯಸ್ಥರ ವರದಿಯನ್ನು ಬದಿಗಿಟ್ಟು, ಫಲಕಗಳ ಜೊತೆ ವಹಿಯ ಹಾಳೆ ಹರಿದು ಇಟ್ಟ. ಅಂಕಿಗಳೆಲ್ಲ ಸರಿಯಿದ್ದವು. ಹಾಳೆಯ ಮೇಲೆ ಯಾರ ಹೆಸರೂ ಇರಲಿಲ್ಲ.