ಆರು ಗಂಟೆ ಬೇಕಿತ್ತು

ಅಕ್ಕನ ಶವಪೆಟ್ಟಿಗೆಯ ಮೇಲಿಂದ ತಂಗಿ ಹೂವಿನ ಹಾರವನ್ನು ಕಿತ್ತು ಬಾಗಿಲಾಚೆ ಎಸೆದಳು.

"ನಿಮ್ಮ ಹೂವು ಬೇಡ ಸಾರ್. ಬದುಕಿದ್ದಾಗ ಹೊರಿಸಿದ್ದೇ ಸಾಕು."

ಕೋಣೆಯಲ್ಲಿ ನೆರೆದವರು ತಿರುಗಿ ನೋಡಿದರು. ಹಾರ ತಂದಿದ್ದ ಗೋದಾಮಿನ ಸೂಪರ್‌ವೈಸರ್ ಮುಖ ಹುಳ್ಳಗಾಯಿತು. "ಸಾವಿನ ಮನೇಲಿ ಇದೆಲ್ಲ ಬೇಕಾಮ್ಮಾ?"

"ಎರಡು ವರ್ಷ ನಿಮ್ಮ ಬಾಗಿಲಿಗೆ ಅಲೆದ್ಲಲ್ಲ, ಆ ಕಾಗದ ವಾಪಸ್ ತಗೊಂಡ್ರಾ?"

ಸೂಪರ್‌ವೈಸರ್ ಅಕ್ಕನಿಗೆ ಕೊಟ್ಟ ಆ ಕಾಗದದಲ್ಲಿದ್ದುದು ಒಂದೇ ಸಾಲು: ಬ್ಯಾಟರಿಗಳು ಹಾಳಾದದ್ದು ಈ ಕೆಲಸಗಾರ್ತಿಯ ಅಜಾಗರೂಕತೆಯಿಂದ. ಸರಕು ಎತ್ತುವ ಗಾಡಿಗಳ ಬ್ಯಾಟರಿಗಳಿಗೆ ಹತ್ತೊಂಬತ್ತು ವರ್ಷ ಚಾರ್ಜು ಹಾಕಿದವಳಿಗೆ ಸಿಕ್ಕ ಬಿರುದು! ಬಿರುದಿನ ಜೊತೆಗೆ ಕೈಗೊಂದು ಪೊರಕೆಯನ್ನೂ ಕೊಟ್ಟರು. ಸಾಯುವವರೆಗೂ ಅದೇ ಗೋದಾಮನ್ನು ಗುಡಿಸಿದಳು.

*

ಆ ಕಾಗದ ಬರುವ ಮೊದಲು, ಚಾರ್ಜಿಂಗ್ ಕೋಣೆಯಲ್ಲಿ ಅಕ್ಕ ಪ್ರತಿ ಬ್ಯಾಟರಿಯ ಮೇಲೂ ಸೀಮೆಸುಣ್ಣದಲ್ಲಿ ಎರಡು ಸಮಯ ಬರೆಯುತ್ತಿದ್ದಳು: ಹಾಕಿದ್ದು, ತೆಗೆಯಬೇಕಾದದ್ದು.

"ಎರಡು ಗಂಟೆ ಸಾಕು, ತೆಗಿ. ಸರಕು ಹಾಗೇ ಬಿದ್ದಿದೆ," ಎನ್ನುತ್ತಿದ್ದರು ಸೂಪರ್‌ವೈಸರ್.

"ಸಾರ್, ಇದು ನಾನೂರು ಆಂಪಿಯರ್-ಅವರ್ ಹಿಡಿಯೋ ಬ್ಯಾಟರಿ. ಅರ್ಧ ಖಾಲಿ, ಅಂದ್ರೆ ಇನ್ನೂರು ತುಂಬಬೇಕು. ಚಾರ್ಜರ್ ಗಂಟೆಗೆ ನಲವತ್ತು ಕೊಡುತ್ತೆ. ಐದು ಗಂಟೆ ಆಯ್ತಾ? ಬಿಸಿಯಾಗಿ ಪೋಲಾಗೋದಕ್ಕೆ ಇನ್ನೊಂದು ಸೇರಿಸಿ. ಆರು."

"ನನಗೇ ಪಾಠ ಹೇಳ್ತೀಯಾ?"

"ದಿನಾ ಅರ್ಧ ಹೊಟ್ಟೇಲಿ ದುಡಿಸಿದ್ರೆ ವರ್ಷದೊಳಗೆ ಮಲಗುತ್ತೆ ಸಾರ್. ಆಮೇಲೆ ನನ್ನನ್ನ ಕೇಳ್ಬೇಡಿ."

ಅವಳು ಊಟಕ್ಕೆ ಹೋದ ಹೊತ್ತಿಗೆ ಬ್ಯಾಟರಿಗಳು ಹೊರಗೆ ಹೋಗುತ್ತಿದ್ದವು. ಬರೆದ ಸಮಯವನ್ನು ಯಾರೋ ಅಂಗೈಯಲ್ಲಿ ಒರೆಸಿರುತ್ತಿದ್ದರು. ವರ್ಷ ತುಂಬುವುದರೊಳಗೆ ಹನ್ನೊಂದು ಬ್ಯಾಟರಿ ಮಲಗಿದವು. ಕೇಳಬೇಡಿ ಎಂದವಳನ್ನು ನಿಜಕ್ಕೂ ಯಾರೂ ಏನೂ ಕೇಳಲಿಲ್ಲ, ನೇರ ಕಾಗದವೇ ಬಂತು.

*

"ಬ್ಯಾಟರಿ ತೆಗೀತಿದ್ದವನು ನಾನೇ." ಸಾವಿನ ಮನೆಯ ಗೋಡೆಗೆ ಒರಗಿ ಕೂತಿದ್ದ ಗೋದಾಮಿನ ಹಿರಿಯ ಗಾಡಿ ಚಾಲಕ ಎದ್ದು ನಿಂತ. "ಇವರು ಹೇಳಿದ್ರು, ತೆಗೆದೆ. ಅವತ್ತು ಬಾಯಿ ಬಿಡಲಿಲ್ಲ. ನನ್ನ ಜನ್ಮಕ್ಕಿಷ್ಟು."

ಸೂಪರ್‌ವೈಸರ್ ಕೈಗಡಿಯಾರ ನೋಡಿಕೊಂಡರು. "ನಾಳೆ ಆಫೀಸಿಗೆ ಬಾಮ್ಮಾ, ನೋಡೋಣ. ಹೊತ್ತಾಯ್ತು, ಎತ್ರಪ್ಪಾ."

ಚಾಲಕ ತನ್ನ ಮೂವರು ಜೊತೆಗಾರರನ್ನು ಕಣ್ಣಲ್ಲೇ ಕರೆದ. ನಾಲ್ವರೂ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಬಾಗಿಲವರೆಗೆ ಬಂದು ನಿಂತುಬಿಟ್ಟರು.

"ಯಾಕೆ ನಿಂತ್ರಿ? ನಡೀರಿ."

"ತಪ್ಪು ಅವಳದಲ್ಲ ಅಂತ ನೀವು ಬರ್ಕೊಡಿ ಸಾರ್. ಆಮೇಲೆ ನಡೀತೀವಿ," ಎಂದ ಚಾಲಕ.

ತಂಗಿ ಒಂದು ಬಿಳಿ ಹಾಳೆ ತಂದು ಸ್ಟೂಲಿನ ಮೇಲಿಟ್ಟಳು. ಸೂಪರ್‌ವೈಸರ್ ಸುತ್ತ ನೋಡಿದರು. ಅವರ ಪರವಾಗಿ ಕೆಮ್ಮುವವರೂ ಇರಲಿಲ್ಲ. ಬಗ್ಗಿ, ಗೀಚಿದಂತೆ ಎರಡು ಸಾಲು ಬರೆದು ತಲೆಯೆತ್ತಿದರು.

"ಇಷ್ಟು ಸಾಕಲ್ಲ?"

"ಪೂರ್ತಿ ಬರೀರಿ. ಬ್ಯಾಟರಿ ತೆಗೆಸಿದ್ದು ಯಾರು ಅಂತಾನೂ," ಎಂದಳು ತಂಗಿ.

ಚಾಲಕನ ಕತ್ತಿನ ನರ ಉಬ್ಬಿತ್ತು, ಬೆವರು ಕಾಲರಿಗೆ ಇಳಿಯುತ್ತಿತ್ತು. ನಾಲ್ವರಲ್ಲಿ ಒಬ್ಬನೂ ಹೆಗಲು ಬದಲಿಸಲಿಲ್ಲ. ಸೂಪರ್‌ವೈಸರ್ ಮತ್ತೆ ಬಗ್ಗಿದರು.