ಎರಡನೆಯ ಕೊನ್ಸೆಪ್ಟಾ

ಒಪ್ಪಂದ, ಸರ್ವಾಧಿಕಾರಿಗಳು, ಸೈನ್ಯಗಳ ಪೈಪೋಟಿ — ಆಮೇಲೆ? ಆಮೇಲೆ ಏನು, ಮತ್ತೆ ಅಲ್ಲೇ ನಿಂತಳು ಆಶ್ಲಿ, ಸೋಫಾದ ಮೇಲೆ ಕಾಲು ಮಡಚಿ ಕೂತು ಎರಡನೆಯ ಮಹಾಯುದ್ಧದ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ ನನ್ನ ಮಗಳು, ಅವಳಿಗೆ ಪರೀಕ್ಷೆ ಭಾನುವಾರ, ಇಲ್ಲಿ ಶಾಲೆಯ ವಾರ ಶುರುವಾಗುವುದೇ ಅವತ್ತು, ನನಗೆ ಇವತ್ತೇ, ಈಗಲೇ, ಪಕ್ಕದಲ್ಲಿ ಕೂತಿದ್ದಾಳೆ ನನ್ನ ಜೊತೆ ಕೆಲಸ ಮಾಡುವ ಬರ್ಮಾದ ಹುಡುಗಿ ಥಿರಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪರದೆಯಲ್ಲಿ ಮೂರು ಚೌಕ, ಒಂದರಲ್ಲಿ ನಾನು ಮತ್ತು ಥಿರಿ, ಉಳಿದವೆರಡೂ ಕಪ್ಪು, ಒಂದು ಕಪ್ಪಿನ ಹಿಂದೆ ನಮ್ಮೂರು ಶಿರ್ವ, ಇನ್ನೊಂದರ ಹಿಂದೆ ಬರ್ಮಾದ ಮಂಡಾಲೆ, ಕರೆಂಟು ಬರಲಿ ದೇವರೇ, ಅಲ್ಲಿ ಒಮ್ಮೆ ಕರೆಂಟು ಬರಲಿ, ಇಲ್ಲಿ ಗಲ್ಫಿನಲ್ಲಿ ಬಿನ್ ಒಮ್ರಾನ್‌ನ ಈ ಫ್ಲ್ಯಾಟಿನಲ್ಲಿ ಎಸಿ ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ, ಅದರಲ್ಲಿ ಒಂದಿಷ್ಟನ್ನು ಆ ಕಡೆ ಕಳಿಸಲಿಕ್ಕೆ ಆಗುವ ಹಾಗಿದ್ದರೆ — ಮಮ್ಮಾ, ಕನ್ಸಿಕ್ವೆನ್ಸಸ್ ಕೂಡ ಕೇಳ್ತಾರೆ, ಮಿಲಿಯನ್ಸ್ ಸತ್ತದ್ದು, ಯುಎನ್ ಸ್ಟಾರ್ಟ್ ಆದದ್ದು, ಮತ್ತೆ ಎಂತ? ಮತ್ತೆ ಎಂತ ಎಂದರೆ ಏನು ಹೇಳಲಿ ಮಗಳೇ, ಮತ್ತೆ ನಮ್ಮ ಕೊನ್ಸೆಪ್ಟಾ ಮಾವ್ಶಿ, ನನ್ನ ಅಮ್ಮನ ತಂಗಿ, ಆ ಯುದ್ಧ ಆಗದೇ ಇದ್ದಿದ್ದರೆ ಅವಳ ಹೆಸರು ಬೇರೆ ಏನೋ ಇರುತ್ತಿತ್ತು, ಅದನ್ನು ಬರೆದರೆ ನಿನಗೆ ಯಾವ ಟೀಚರ್ ಮಾರ್ಕು ಕೊಡುತ್ತಾಳೆ.

ನನ್ನ ಅಮ್ಮ ಜೂಲಿಯೆಟ್ ತೀರಿಹೋಗಿ ಎಷ್ಟೋ ಕಾಲವಾಯಿತು, ಮೀನು ಕೊಯ್ಯುತ್ತಾ ಹೇಳುತ್ತಿದ್ದಳು, ರಂಗೂನಿನಲ್ಲಿ ಅಜ್ಜನಿಗೆ ಬೇಕರಿ ಕೆಲಸ, ಬಾಂಬು ಬಿದ್ದ ಮೇಲೆ ಊರಿಗೂರೇ ಓಡಿತು, ದೋಣಿ, ಲಾರಿ, ಕೊನೆಗೆ ಬರೀ ಕಾಲು, ಬರ್ಮಾದಿಂದ ಇಂಡಿಯಾಕ್ಕೆ ನಡಿಗೆ, ಅಜ್ಜಿಯ ಸೀರೆ ಸೆರಗು ಹಿಡಿದು ನನ್ನ ಅಮ್ಮ, ಅಜ್ಜನ ಹೆಗಲ ಮೇಲೆ ಅವಳ ಮೊದಲ ತಂಗಿ ಕೊನ್ಸೆಪ್ಟಾ, ಕೊನ್ಸೆ, ಐದು ವರ್ಷದ ಹುಡುಗಿ, ಜ್ವರದಲ್ಲಿ ಕೆಂಡ, ಗುಡ್ಡ ಹತ್ತುವ ಮೊದಲು ಸಿಕ್ಕಿದ ಹಳ್ಳಿಯಲ್ಲಿ ಗಂಜಿ ಕೊಟ್ಟ ಹೆಂಗಸು ಕೈಸನ್ನೆಯಲ್ಲೇ ಹೇಳಿದಳಂತೆ, ಈ ಮಗು ಗುಡ್ಡ ದಾಟುವುದಿಲ್ಲ, ಬಿಟ್ಟು ಹೋಗಿ, ವಾಸಿಯಾದ ಮೇಲೆ ಬಂದು ಕರೆದುಕೊಂಡು ಹೋಗಿ — ಬಿಟ್ಟರು, ಬೇರೆ ಏನು ಮಾಡುತ್ತಾರೆ, ಅವರ ಹಿಂದೆಯೇ ದಾರಿ ಮುಚ್ಚಿತು, ಯುದ್ಧ ಮುಗಿದ ಕೂಡಲೇ ಅಜ್ಜ ಹಡಗು ಹತ್ತಿ ಹೋದ, ಹೋಗಿಯೇ ಹೋದ, ನೋಡಿದರೆ ಹಳ್ಳಿ ಇದ್ದ ಜಾಗದಲ್ಲಿ ಸುಟ್ಟ ಕಂಬಗಳು, ವಿಚಾರಿಸಲಿಕ್ಕೆ ಒಂದು ನರಪಿಳ್ಳೆ ಇಲ್ಲ, ಹಿಂದೆ ಬಂದು ಅಂಗಳದಲ್ಲಿ ಕೂತು ಹೇಳಿದ್ದು ಒಂದೇ ಮಾತು, ಸತ್ತಳು, ಆಗ ಅಜ್ಜಿಯ ಮಡಿಲಲ್ಲಿ ಹೊಸ ಕೂಸು, ಜ್ಞಾನಸ್ನಾನಕ್ಕೆ ಹೆಸರು ಕೇಳಿದ ಪಾದ್ರಿಗೆ ಅಜ್ಜಿ ಕಣ್ಣು ಎತ್ತದೆ ಹೇಳಿದಳು, ಕೊನ್ಸೆಪ್ಟಾ.

ಆ ಕೂಸೇ ನನ್ನ ಮಾವ್ಶಿ, ಸತ್ತವಳ ಹೆಸರು ಹೊತ್ತುಕೊಂಡು ಎಂಬತ್ತರ ಹತ್ತಿರ ಬಂದಳು, ಸತ್ತವಳು ಸಾಯಲಿಲ್ಲ ಎಂದು ನನಗೆ ಗೊತ್ತಾದದ್ದು ಕಳೆದ ಜೂನ್‌ನಲ್ಲಿ, ಆ ಸಂಜೆ, ಉಮ್ಮ್ ಸಲಾಲ್‌ನ ಹಲ್ಲಿನ ಕ್ಲಿನಿಕ್, ನಾನು ರಿಸೆಪ್ಶನ್, ಥಿರಿ ಡಾಕ್ಟರರ ಅಸಿಸ್ಟೆಂಟ್, ಹೊಸಬಳು, ಮಾತು ಕಮ್ಮಿ, ಕಿಟಕಿ ಗಾಜು ಗಡಗಡ ನಡುಗಿತು, ಆಕಾಶದಲ್ಲಿ ಬೆಂಕಿಯ ಉಂಡೆಗಳು ಒಂದರ ಹಿಂದೆ ಒಂದು ಏರಿ ಒಡೆಯುತ್ತಿದ್ದವು, ಮಿಸೈಲ್, ಸೈನ್ಯದ ಬೇಸಿಗೆ ಮಿಸೈಲ್ ಎಂದು ಯಾರೋ ಕೂಗಿದರು, ಡ್ರೈವರ್ ಸಯೀದ್ ಒಳಗೆ ಓಡಿಬಂದ, ಯಲ್ಲಾ, ಎಲ್ಲ ಒಳಗೆ, ಗಾಡಿ ಇವತ್ತು ಖಲಾಸ್, ಫೋನಿನಲ್ಲಿ ಆಶ್ಲಿ ಅಳುತ್ತಿದ್ದಳು, ಮಮ್ಮಾ, ಇದು ಥರ್ಡ್ ವರ್ಲ್ಡ್ ವಾರಾ? ನನ್ನ ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ಗೋಡೆಗೆ ಒರಗಿ ಥಿರಿ, ಆ ಹುಡುಗಿಗೆ ಹೆದರಿಕೆಯೇ ಇಲ್ಲ, ತನ್ನ ದೇಶದ ಯುದ್ಧ ನೋಡಿಯೇ ಇಲ್ಲಿಗೆ ಬಂದವಳು, ನನಗೆ ಧೈರ್ಯ ಹೇಳಲಿಕ್ಕೆ ಶುರುಮಾಡಿದಳು ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ, ನಮ್ಮ ಅಜ್ಜಿ ಹೇಳ್ತಾಳೆ ಮ್ಯಾಡಮ್, ವಿಮಾನ ಬಂದಾಗ ನಿನ್ನ ಹೆಸರು ನೀನೇ ಹೇಳಿಕೊಳ್ಳುತ್ತಾ ಇರು, ಕಳೆದುಹೋಗುವುದಿಲ್ಲ, ಅಜ್ಜಿ ಇಂಡಿಯನ್ ಮ್ಯಾಡಮ್, ಚಿಕ್ಕವಳಿರುವಾಗ ದಾರಿಯಲ್ಲಿ ಬಿಟ್ಟುಹೋದರು, ಈಗ ಹೆಸರು ಮ್ಯಾ, ಮೊದಲಿನ ಹೆಸರು ಕೊನ್ಸೆ, ಅಕ್ಕನ ಹೆಸರು ಜುಲಿ — ಹೊರಗೆ ಇನ್ನೊಂದು ಸಿಡಿಯಿತು, ನನಗೆ ಕೇಳಿಸಲೇ ಇಲ್ಲ, ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಥಿರಿ, ಅವಳ ಭುಜ ಹಿಡಿದು ಅಲುಗಾಡಿಸಿದೆ, ಹುಡುಗಿ ಆಗ ಹೆದರಿದಳು, ಮಿಸೈಲಿಗಲ್ಲ, ನನಗೆ.

ಮಾವ್ಶಿಗೆ ಮರುದಿನವೇ ಫೋನು ಮಾಡಿದೆ, ಕುಣಿದಾಡುತ್ತಾಳೆ ಎಂದುಕೊಂಡಿದ್ದೆ, ಅವಳು ಕೇಳಿದಳು ನಿಧಾನಕ್ಕೆ, ಹಾಗಾದ್ರೆ ನಾನು ಯಾರು ಮಟಿಲ್ಡಾ? ಇಷ್ಟು ವರ್ಷ ನನ್ನನ್ನು ಕರೆದದ್ದೆಲ್ಲ ಅವಳನ್ನೇ ಅಲ್ವಾ, ಅಮ್ಮ ಕೊನ್ಸೇ ಅಂತ ಕೂಗಿ ನಾನು ಓಡಿ ಹೋದ್ರೆ ಒಂದು ಗಳಿಗೆ ನನ್ನ ಹಿಂದೆ ನೋಡ್ತಿದ್ಳು, ಬೇರೆ ಯಾರೋ ಬರ್ಲಿಕ್ಕುಂಟು ಅನ್ನುವ ಹಾಗೆ, ಬೇಡ ಮಾರಾಯ್ತಿ, ನಂಗೆ ಮಾತಾಡ್ಲಿಕ್ಕಿಲ್ಲ, ನನ್ನ ಹೆಸರು ಆ ಹುಡುಗಿ ಹತ್ರ ಹೇಳ್ಬೇಡ. ಹೇಳಲಿಲ್ಲ ನಾನು, ಬರೀ ಆಂಟಿ ಎಂದೆ, ಆಮೇಲೆ ವಾರ ವಾರ ಚರ್ಚಿನ ಪೂಜೆ ಮುಗಿಸಿ ಬಂದು ಫೋನು, ಮಾವ್ಶಿ ಅವಳು ಹಣ್ಣು ಮುದುಕಿ, ಅಲ್ಲಿ ಯುದ್ಧ, ಇವತ್ತು ಇದ್ದವಳು ನಾಳೆ ಇರುತ್ತಾಳೆ ಅಂತ ಇಲ್ಲ, ಮಾವ್ಶಿಯದ್ದು ಒಂದೇ, ಇಲ್ಲ, ಬೇಡ, ಇಲ್ಲಿಯ ಅರಬಿಯಲ್ಲಾದರೆ ಮಾಫಿ, ಎಲ್ಲ ಭಾಷೆಯಲ್ಲೂ ಇಲ್ಲ, ಮೊನ್ನೆ ಕೊನೆಯ ಅಸ್ತ್ರ ಬಿಟ್ಟೆ, ಥಿರಿ ಹೇಳಿದ್ದನ್ನು ಹೇಳಿದೆ, ಅಪ್ಪ ನನ್ನನ್ನು ಮರೆತುಬಿಟ್ಟ ಎಂದು ಆ ಅಜ್ಜಿ ಹೇಳುತ್ತಾಳಂತೆ, ಸಿಟ್ಟಿಲ್ಲದೆ, ಹವಾಮಾನ ಹೇಳಿದ ಹಾಗೆ, ಎಷ್ಟೊಂದು ಮಕ್ಕಳು ಇದ್ದರು ದಾರಿಯಲ್ಲಿ, ಯಾರು ಯಾರನ್ನು ನೆನಪಿಟ್ಟುಕೊಳ್ಳುವುದು ಎನ್ನುತ್ತಾಳಂತೆ. ಮಾವ್ಶಿ ಮೂಗು ಸೊರ್ ಎಂದು ಎಳೆದುಕೊಂಡಳು, ಆಯ್ತು, ಶುಕ್ರವಾರ ಮಾಡು, ಹೆಸರು ವಾಪಸು ಕೊಡುವುದಾದ್ರೆ ಮುಖ ನೋಡಿಯೇ ಕೊಡ್ತೇನೆ.

ಬಂದಳು, ಪರದೆಯ ಮೇಲೆ ಮೊದಲು ಬಂದದ್ದು ಶಿರ್ವ, ಅಯ್ಯೋ ಮಾವ್ಶಿ, ಮದುವೆ ಮನೆಗೆ ಹೊರಟವಳ ಹಾಗೆ, ಗಂಜಿ ಹಾಕಿದ ನೀಲಿ ಸೀರೆ, ಮುಖಕ್ಕೆ ಪೌಡರು, ಕೇಳ್ತದಾ, ನಾನು ಕಾಣ್ತೇನಾ? ಕಾಣ್ತೀರಿ, ಚಂದ ಕಾಣ್ತೀರಿ, ಬೆನ್ನು ನೆಟ್ಟಗೆ ಇಟ್ಟು ಪಾಸ್‌ಪೋರ್ಟ್ ಫೋಟೋದವರ ಹಾಗೆ ಕೂತಿದ್ದಾಳೆ, ನಗು ಬರುತ್ತಿದೆ ನನಗೆ, ಅಳುವೂ, ಆಶ್ಲಿ ಪುಸ್ತಕ ಬಿಸಾಡಿ ನನ್ನ ಕುರ್ಚಿಯ ಹಿಂದೆ ಬಂದು ನಿಂತಳು, ಥಿರಿ ಒಮ್ಮೆಲೇ ಬರ್ಮೀಸಿನಲ್ಲಿ ಕಿರುಚಿದಳು, ಬಂತು, ಕರೆಂಟು ಬಂತು, ಕಪ್ಪು ಚೌಕ ಬೂದಿ ಬಣ್ಣಕ್ಕೆ ತಿರುಗಿತು, ಬೂದಿಯಿಂದ ಒಂದು ಹಣೆ, ಒಂದು ಮೂಗು, ಕ್ರಿಸ್ತರೇ, ನಮ್ಮ ಅಜ್ಜನ ಮೂಗು, ಕೆನ್ನೆಗೆ ಅದೇನೋ ಹಳದಿ ಗಂಧ ಹಚ್ಚಿದ, ಬಾಯಲ್ಲಿ ಹಲ್ಲೇ ಇಲ್ಲದ ಬರ್ಮಾದ ಅಜ್ಜಿ, ಅವಳು ನನ್ನನ್ನು ನೋಡಿ ಜುಲಿ ಎಂದಳು, ಅಲ್ಲ ಅಜ್ಜಿ, ನಾನು ಜುಲಿಯ ಮಗಳು, ಅಮ್ಮ ಈಗಿಲ್ಲ, ಥಿರಿ ಅದನ್ನು ಅವಳ ಭಾಷೆಗೆ ದಾಟಿಸಿದಳು, ಅಜ್ಜಿ ತಲೆ ಆಡಿಸಿದಳು, ಒಂದಲ್ಲ ಎರಡಲ್ಲ, ಆಡಿಸುತ್ತಲೇ ಇದ್ದಳು, ಮಾವ್ಶಿ ನೀವು ಮಾತಾಡಿ, ಬೇಗ, ಕರೆಂಟು ಹೋದೀತು, ಮಾವ್ಶಿ ಗಂಟಲು ಸರಿಮಾಡಿಕೊಂಡು, ಇಡೀ ವಾರ ಕಲಿತು ಬಂದವಳ ಹಾಗೆ ಹೇಳಿದಳು, ಹೇಳು ಮಟಿಲ್ಡಾ, ನನ್ನ ಹೆಸರು ಕೊನ್ಸೆಪ್ಟಾ, ಇದು ಅವಳದ್ದೇ, ಅಪ್ಪ ಹಡಗಲ್ಲಿ ಹೋಗಿ ಹುಡುಕಿ ಸಿಗದೆ ಬಂದ ಮೇಲೆ ಅಮ್ಮ ನನಗೆ ಇಟ್ಟದ್ದು, ನಾನು ಇದಕ್ಕೆ ಕೆಟ್ಟ ಹೆಸರು ತರ್ಲಿಲ್ಲ, ಜೋಪಾನ ಮಾಡಿದ್ದೇನೆ, ಬೇಕಾದ್ರೆ ತಗೊಳ್ಲಿ — ನಾನು ಇಂಗ್ಲಿಷಿನಲ್ಲಿ ಹೇಳಿದೆ, ಥಿರಿ ಅರ್ಧಕ್ಕೇ ನಿಂತಳು, ನನ್ನ ಕಡೆ ತಿರುಗಿದಳು, ಆಂಟಿ ಹೆಸರು ಕೊನ್ಸೆ? ಆಂಟಿ ಕೂಡ ಕೊನ್ಸೆ? ಹೇಳು ಹೇಳು, ನಿಲ್ಲಬೇಡ, ಹೇಳಿದಳು, ಮಂಡಾಲೆಯ ಮುಖ ಅಲುಗಾಡಲಿಲ್ಲ, ಇಂಟರ್ನೆಟ್ ನಿಂತಿತೇನೋ ಎಂದುಕೊಂಡೆ, ನಿಂತಿರಲಿಲ್ಲ, ಅವಳ ಹಿಂದೆ ಕಿಟಕಿಯ ಬಟ್ಟೆ ಗಾಳಿಗೆ ಆಡುತ್ತಿತ್ತು, ಆಮೇಲೆ ಅವಳು ಏನೋ ಕೇಳಿದಳು, ಸಣ್ಣ ಹುಡುಗಿಯ ದನಿಯಲ್ಲಿ, ಥಿರಿಯ ಕಣ್ಣಿಂದ ಬಳಬಳ ನೀರು, ಕೇಳ್ತಿದ್ದಾಳೆ ಮ್ಯಾಡಮ್, ಹಾಗಾದರೆ ಮನೆಯಲ್ಲಿ ದಿನಾ ನನ್ನ ಹೆಸರು ಕರೀತಿದ್ರಾ? ದಿನಾ, ಎಂದಳು ಮಾವ್ಶಿ, ಕೊಂಕಣಿಯಲ್ಲಿ, ಅನುವಾದಕ್ಕೂ ಕಾಯದೆ, ದಿನಾ ಕರೀತಿದ್ರು, ಗಂಜಿಗೆ ಕರೀತಿದ್ರು, ಪ್ರಾರ್ಥನೆಗೆ ಕರೀತಿದ್ರು, ಬಯ್ಯುವಾಗ್ಲೂ ಕರೀತಿದ್ರು, ಹೇಳೇ ಅವಳಿಗೆ, ಯಾರೂ ಮರೀಲಿಲ್ಲ. ಥಿರಿ ದಾಟಿಸಿದಳು, ಅಜ್ಜಿ ನಕ್ಕಳು, ಬಾಯಿ ತುಂಬ ನಕ್ಕಳು, ಹೆಸರು ಇಟ್ಟುಕೊಳ್ಳಲಿ, ಅವಳೇ ಇಟ್ಟುಕೊಳ್ಳಲಿ, ಹತ್ತಿರ ಬಾ ಎಂದಳು, ಹತ್ತಿರ, ಇನ್ನೂ ಹತ್ತಿರ, ಶಿರ್ವದ ಚೌಕದಲ್ಲಿ ಮಾವ್ಶಿ ಕೆನ್ನೆಯನ್ನು ಫೋನಿಗೆ ತಂದಿಟ್ಟಳು, ಈಗ ಬರೀ ಬಿಳಿ ಕೂದಲು ಮತ್ತು ಒಂದು ಓಲೆ, ಮಂಡಾಲೆಯ ಚೌಕದಲ್ಲಿ ಒಂದು ಕೈ ಮೇಲೆದ್ದು ಬಂತು, ತಂಗಿಯ ಕೆನ್ನೆ ಮುಟ್ಟಲಿಕ್ಕೆ, ದೊಡ್ಡದಾಗುತ್ತಾ ಬಂತು, ಚೌಕ ತುಂಬಿತು — ಚಿತ್ರ ಅಲ್ಲಿಗೇ ನಿಂತಿತು, ಕರೆಂಟು ಹೋಯಿತು ಮ್ಯಾಡಮ್ ಎನ್ನುತ್ತಿದ್ದಾಳೆ ಥಿರಿ, ಹಲೋ ಹಲೋ, ಅವಳಿಗೆ ಊಟ ಆಯ್ತಾ ಕೇಳ್ಲಿಲ್ಲ ನಾನು, ಪುನಾ ಮಾಡು ಮಟಿಲ್ಡಾ ಎನ್ನುತ್ತಿದ್ದಾಳೆ ಮಾವ್ಶಿ, ಮಾಡುತ್ತೇನೆ, ನಾಳೆ, ಕರೆಂಟು ಬಂದ ಕೂಡಲೇ, ಆದರೆ ಈಗ ಕಾಲ್ ಮುಚ್ಚಲಿಕ್ಕೆ ಮೌಸಿನ ಮೇಲಿನ ನನ್ನ ಬೆರಳು ಕದಲುತ್ತಿಲ್ಲ, ಪರದೆಯ ಮೇಲೆ ಆ ಅಂಗೈ, ಗೆರೆ ಗೆರೆಯಾದ ಅಂಗೈ, ಐದು ಬೆರಳು ಬಿಚ್ಚಿದ ಅಂಗೈ, ಆ ಅಂಗೈ